ಅಪ್ಪನ ಕಾಲನ್ನು ನಮ್ಮೂರ ಡಾಕ್ಟರೇ ನೋಡಬಹುದಿತ್ತು

ಮಾನ್ಯ ಸಂಪಾದಕರೇ,

ನಮ್ಮದು ಪಾಂಡವಪುರ ತಾಲ್ಲೂಕು. ಅಪ್ಪನಿಗೆ ಈಗ 68 ವರ್ಷ. ಹರೆಯದಲ್ಲಿ ಆಲೆಮನೆಯಲ್ಲಿ ಕೆಲಸ ಮಾಡುವಾಗ ಕುದಿಯುವ ಬೆಲ್ಲದ ಪಾಕ ಎಡಗಾಲಿನ ಮೇಲೆ ಚೆಲ್ಲಿತ್ತು. ಗಾಯ ಮಾಯ್ದರೂ ಮೊಣಕಾಲಿನ ಕೆಳಗೆ ಚರ್ಮ ಬಿಳಿಚಿಕೊಂಡು ಬಿಗಿಯಾಗಿಯೇ ಉಳಿಯಿತು. ನಾಲ್ಕು ವರ್ಷದ ಹಿಂದೆ ಆ ಕಲೆಯ ನಡುವೆ ಹುಣ್ಣಾಯಿತು. ಕಬ್ಬಿನ ಗರಿ ಕುಯ್ದಿರಬೇಕು ಅಂದುಕೊಂಡೆವು. ಅರಿಶಿನ, ಮುಲಾಮು ಅಂತ ಆರು ತಿಂಗಳು ಕಳೆಯಿತು. ಕೊನೆಗೆ ಗೊತ್ತಾಗಿದ್ದು ಚರ್ಮದ ಕ್ಯಾನ್ಸರ್ ಅಂತ. ಹಳೆಯ ಸುಟ್ಟ ಕಲೆಯಲ್ಲಿ ಹತ್ತಾರು ವರ್ಷ ಆದಮೇಲೂ ಇದು ಹುಟ್ಟಬಹುದಂತೆ. ನಮ್ಮೂರಲ್ಲೇ ಇಂಥ ಕಲೆ ಇರುವ ನಾಲ್ಕು ಜನ ನನಗೆ ಗೊತ್ತು.

ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ತೊಡೆಯ ಚರ್ಮ ತೆಗೆದು ಕಾಲಿಗೆ ಹಾಕಿದರು. ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ಕಷ್ಟ ಶುರುವಾಗಿದ್ದು ಆಮೇಲೆ. ಮೂರು ತಿಂಗಳಿಗೊಮ್ಮೆ ಬನ್ನಿ ಅಂದಿದ್ದರು. ನಾಲ್ಕು ಗಂಟೆಗೆ ಎದ್ದು, ರೈಲು ಹಿಡಿದು, ಮಧ್ಯಾಹ್ನದವರೆಗೆ ಸಾಲಲ್ಲಿ ನಿಂತರೆ ಒಳಗೆ ನೋಡುವುದು ಎರಡು ನಿಮಿಷ. ಕಾಲು ನೋಡುತ್ತಾರೆ, ತೊಡೆಸಂದು ಒತ್ತಿ ನೋಡುತ್ತಾರೆ, ಅಷ್ಟೇ. ಇಬ್ಬರ ಕೂಲಿಯೂ ಹೋಯಿತು. ಮೂರು ಸಲ ಹೋಗಿ ಬಂದ ಅಪ್ಪ, ‘ನೋವಿಲ್ಲ, ಹುಣ್ಣಿಲ್ಲ, ಸುಮ್ನೆ ಯಾಕೆ ಮಗಾ’ ಅಂದರು. ಎರಡು ಸಲ ತಪ್ಪಿಸಿದೆವು.

ಅದೇ ತಿಂಗಳುಗಳಲ್ಲಿ ಬಿ.ಪಿ. ಮಾತ್ರೆಗೆ ನಮ್ಮೂರ ಡಾಕ್ಟರ ಹತ್ತಿರ ತಪ್ಪದೆ ಹೋಗುತ್ತಿದ್ದರು! ದೀಪಾವಳಿಯಲ್ಲಿ ಎಣ್ಣೆ ಹಚ್ಚಿಕೊಳ್ಳುವಾಗ ತೊಡೆಸಂದಿನಲ್ಲಿ ಗಂಟು ಸಿಕ್ಕಿತು. ಆಗಲೇ ನಿಂಬೆಹಣ್ಣಿನಷ್ಟಿತ್ತು. ಕಾಲಿನ ಕ್ಯಾನ್ಸರೇ ಅಲ್ಲಿಗೆ ಹರಡಿತ್ತು. ಮತ್ತೆ ಆಪರೇಷನ್. ಈಗ ಹುಷಾರಾಗಿದ್ದಾರೆ. ಆದರೆ ಸಂಜೆಯಾದರೆ ಕಾಲು ಬಾತುಕೊಳ್ಳುತ್ತದೆ, ಗದ್ದೆಗೆ ಇಳಿಯಲು ಆಗುವುದಿಲ್ಲ.

ನಮ್ಮ ಡಾಕ್ಟರು ಬಹಳ ನೊಂದುಕೊಂಡರು. ‘ಏನು ನೋಡಬೇಕು ಅಂತ ಒಂದು ಸಾಲು ಬರೆದು ಕಳಿಸಿದ್ದರೆ ಪ್ರತಿ ತಿಂಗಳೂ ನೋಡ್ತಿದ್ದೆನಮ್ಮ’ ಅಂದರು. ಆಸ್ಪತ್ರೆ ಕೊಟ್ಟ ಇಂಗ್ಲಿಷ್ ಕಾಗದ ನಮ್ಮ ಬೀರುವಿನಲ್ಲೇ ಇತ್ತು. ಅದನ್ನು ಅವರಿಗೆ ತೋರಿಸಬೇಕು ಅಂತ ನನಗೂ ಹೊಳೆಯಲಿಲ್ಲ.

ಈ ಕಾಯಿಲೆ ಮರಳುವುದಾದರೆ ಜಾಸ್ತಿ ಮೊದಲ ಎರಡು ವರ್ಷದಲ್ಲೇ. ಅಂಚಿನಲ್ಲಿ ಹೊಸ ಹುಣ್ಣು, ಗಟ್ಟಿಯಾದ ಚರ್ಮ, ತೊಡೆಸಂದಿನ ಗಂಟು, ಇವನ್ನು ಕಣ್ಣು, ಕೈಯಿಂದಲೇ ಹುಡುಕಬಹುದು. ನರ್ಸಿಂಗ್ ಓದುವ ನನ್ನ ಮಗಳು ಸ್ಕಾಟ್ಲೆಂಡಿನ ಒಂದು ಅಧ್ಯಯನದ ಬಗ್ಗೆ ಹೇಳಿದಳು. 2010ರಲ್ಲಿ ಪ್ರಕಟವಾದದ್ದು. ಅಲ್ಲಿ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದವರಲ್ಲಿ ಕೆಲವರ ತಪಾಸಣೆಯನ್ನು ಊರಿನ ಡಾಕ್ಟರಿಗೇ ಒಪ್ಪಿಸಿದರಂತೆ. ಆ ಗುಂಪಿನವರೇ ಹೆಚ್ಚು ಸಮಾಧಾನದಿಂದ ಇದ್ದರಂತೆ. ಆದರೆ ಅಲ್ಲಿ ಡಾಕ್ಟರುಗಳಿಗೆ ಮೊದಲು ತರಬೇತಿ ಕೊಟ್ಟಿದ್ದರು. ಅನುಮಾನ ಬಂದರೆ ಬೇಗ ದೊಡ್ಡಾಸ್ಪತ್ರೆಗೆ ಕಳಿಸುವ ದಾರಿಯೂ ಇತ್ತು. ಇವೆರಡೂ ಇಲ್ಲದೆ ಹಳ್ಳಿ ಡಾಕ್ಟರ ತಲೆಗೆ ಕಟ್ಟಿದರೆ ಅದು ಅನ್ಯಾಯ ಅಲ್ವಾ?

ಹಾಗಾಗಿ ದೊಡ್ಡಾಸ್ಪತ್ರೆಯವರನ್ನು ಕೇಳುತ್ತೇನೆ. ಮನೆಗೆ ಕಳಿಸುವಾಗ ಊರಿನ ಡಾಕ್ಟರಿಗೆ ಅಂತಲೇ ಒಂದು ಚೀಟಿ ಬರೆದುಕೊಡಿ. ಯಾವ ಜಾಗ ನೋಡಬೇಕು, ಎಷ್ಟು ದಿನಕ್ಕೊಮ್ಮೆ, ಅನುಮಾನ ಬಂದರೆ ಯಾರಿಗೆ ಫೋನ್ ಮಾಡಬೇಕು, ಇಷ್ಟು ಸಾಕು. ಮನೆಯವರಿಗೂ ಕನ್ನಡದಲ್ಲಿ ಒಂದು ಪ್ರತಿ ಬೇಕು. 30 ವರ್ಷ ದಾಟಿದವರ ಸರ್ಕಾರಿ ತಪಾಸಣೆಯಲ್ಲಿ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ನೋಡುತ್ತಾರೆ. ನಮ್ಮ ಜಿಲ್ಲೆಯಲ್ಲಿ ಆಶಾ ಕಾರ್ಯಕರ್ತೆಯರು ‘ಹಳೆಯ ಸುಟ್ಟ ಕಲೆಯಲ್ಲಿ ಹುಣ್ಣಾಗಿದೆಯಾ?’ ಅಂತಲೂ ಕೇಳಲಿ.

ಈಗ ನಮ್ಮ ಡಾಕ್ಟರು ಬಿ.ಪಿ. ನೋಡುವ ದಿನವೇ ಅಪ್ಪನ ಪಂಚೆ ಮೇಲೆತ್ತಿಸಿ ಕಾಲನ್ನೂ ನೋಡುತ್ತಾರೆ. ಅದಕ್ಕೆ ಬೇರೆ ಫೀಸು ತೆಗೆದುಕೊಳ್ಳುವುದಿಲ್ಲ.

ಇಂತಿ,
ಆಲೆಮನೆ ಕೆಲಸಗಾರರೊಬ್ಬರ ಮಗಳು, ಪಾಂಡವಪುರ ತಾಲ್ಲೂಕು