ರಮ್ಮಿಯೂ ವಿಡಿಯೊ ಗೇಮೇ?

ಮಾನ್ಯರೇ,

ಮೊಬೈಲ್ ರಮ್ಮಿಯಲ್ಲಿ ಹಣ ಕಳೆದುಕೊಂಡವರ ಸುದ್ದಿಗೆ ‘ವಿಡಿಯೊ ಗೇಮ್ ಚಟ’ ಎಂಬ ಶೀರ್ಷಿಕೆ, ಪಕ್ಕದಲ್ಲಿ ಜಾಯ್‌ಸ್ಟಿಕ್ ಹಿಡಿದ ಹುಡುಗನ ಚಿತ್ರ ಪತ್ರಿಕೆಗಳಲ್ಲಿ ಆಗಾಗ ಕಾಣುತ್ತದೆ. ಪಣವಿಟ್ಟು ಆಡುವ ರಮ್ಮಿಯೇ ಬೇರೆ, ಮಾರಿಯೊದಂಥ ವಿಡಿಯೊ ಗೇಮೇ ಬೇರೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯೇ ಹಣದ ಆಟ, ಇ-ಸ್ಪೋರ್ಟ್ಸ್ (ಸ್ಪರ್ಧೆಯಾಗಿ ಆಡುವ ವಿಡಿಯೊ ಗೇಮ್), ಸಾಮಾಜಿಕ ಆಟ (ಪಣವಿಲ್ಲದೆ ಮನರಂಜನೆಗೆ ಆಡುವಂಥದ್ದು) ಎಂದು ಬೇರ್ಪಡಿಸಿದೆ. ನಿಷೇಧ ಮೊದಲನೆಯದಕ್ಕೆ ಮಾತ್ರ. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಪದಕಕ್ಕಾಗಿ ನಡೆದ ಇ-ಸ್ಪೋರ್ಟ್ಸ್ ಅನ್ನೂ ಅದೇ ಗಂಟಿಗೆ ಕಟ್ಟುವುದು ಅನ್ಯಾಯ. ಟಿ.ವಿ.ಗೆ ಜೋಡಿಸಿ ಆಡುವ ಕನ್ಸೋಲ್ ಆಟವನ್ನೂ ‘ಆ್ಯಪ್’ ಎನ್ನುವುದನ್ನು ಬೇಕಾದರೆ ಕ್ಷಮಿಸೋಣ. ಆದರೆ ಇಂಥ ಶೀರ್ಷಿಕೆ ಓದಿದ ಅಪ್ಪಂದಿರಿಂದ ಮೊಬೈಲ್‌ನಲ್ಲಿ ಚದುರಂಗ ಆಡುವ ಮಕ್ಕಳಿಗೂ ಬೈಗುಳ ತಪ್ಪುವುದಿಲ್ಲ. ‘ಹಣದ ಆಟ’ ಎಂದೇ ಬರೆಯಬಹುದಲ್ಲ? ಶೀರ್ಷಿಕೆಯಲ್ಲಿ ಜಾಗವೂ ಉಳಿಯುತ್ತದೆ.

– ಓದುಗ, ಮೈಸೂರು