ಮಿಜೋರಾಂನ ಕೇಂದ್ರಕ್ಕಾಗಿ ದೇಣಿಗೆ ಮನವಿ

ಸನ್ಮಾನ್ಯರೆ,

ಮಾದಕ ವಸ್ತುವನ್ನು ಸೂಜಿಯಿಂದ ಚುಚ್ಚಿಕೊಳ್ಳುವವರಿಗಾಗಿ ಮ್ಯಾನ್ಮಾರ್ ಗಡಿಯ ಚಂಫಾಯ್ ಜಿಲ್ಲೆಯಲ್ಲಿ ಸ್ಥಳೀಯ ಕಾರ್ಯಕರ್ತರು ನಡೆಸುತ್ತಿರುವ ಕೇಂದ್ರಕ್ಕೆ ಬೆಂಗಳೂರಿನ ನಮ್ಮ ಟ್ರಸ್ಟ್ ನೆರವು ಕಳುಹಿಸುತ್ತಿದ್ದು, ಅದನ್ನು ಮುಂದುವರಿಸಲು ತಮ್ಮ ಸಹಾಯವನ್ನು ಕೋರುತ್ತಿದ್ದೇವೆ.

ದೇಶದ ವಯಸ್ಕರಲ್ಲಿ ಎಚ್‌ಐವಿ ಸೋಂಕಿನ ಪ್ರಮಾಣ ಶೇ. 0.2; ಮಿಜೋರಾಂನಲ್ಲಿ ಸುಮಾರು ಶೇ. 2.7, ಎಲ್ಲ ರಾಜ್ಯಗಳಿಗಿಂತ ಹೆಚ್ಚು. ಅಲ್ಲಿ ಸೋಂಕು ಹೆಚ್ಚಾಗಿ ಲೈಂಗಿಕ ಸಂಪರ್ಕದಿಂದ ಹರಡುತ್ತಿದ್ದರೂ, ಹಂಚಿಕೊಂಡ ಸೂಜಿಯ ಪಾಲೂ ದೊಡ್ಡದೇ. ಪಕ್ಕದ ಮಣಿಪುರದಲ್ಲಿ 1989ರ ಕೊನೆಯಲ್ಲಿ ಮೊದಲ ಪ್ರಕರಣಗಳು ಪತ್ತೆಯಾಗಿ, ಕೆಲವೇ ತಿಂಗಳಲ್ಲಿ ಚುಚ್ಚಿಕೊಳ್ಳುವವರ ಪೈಕಿ ಸುಮಾರು ಅರ್ಧದಷ್ಟು ಮಂದಿಗೆ ಸೋಂಕು ತಗಲಿತ್ತು. ಬಳಸಿದ ಸಿರಿಂಜನ್ನು ಬೆಳಕಿಗೆ ಹಿಡಿದರೆ ಸೂಜಿಯ ಬುಡದಲ್ಲಿ ಕೆಂಪು ಗೆರೆಯೊಂದು ಕಾಣುತ್ತದೆ. ಎಚ್‌ಐವಿ ಮತ್ತು ಯಕೃತ್ತಿಗೆ ತಗಲುವ ಹೆಪಟೈಟಿಸ್ ಸಿ ಎರಡೂ ಮುಂದಿನವರ ಮೈಗೆ ಹೋಗಲು ಅಷ್ಟು ರಕ್ತ ಸಾಕು.

ಅದಕ್ಕೇ ಕೇಂದ್ರದಲ್ಲಿ ಹೊಸ ಸೂಜಿ ಕೊಡುತ್ತಾರೆ. ಹಾಗೆ ಕೊಡುವುದೆಂದರೆ ಚಟಕ್ಕೆ ಕುಮ್ಮಕ್ಕು ಕೊಟ್ಟಂತಲ್ಲವೇ ಎಂದು ದಾನಿಗಳು ಕೇಳುತ್ತಾರೆ. ನಮ್ಮ ಟ್ರಸ್ಟಿಗಳಲ್ಲೇ ಒಬ್ಬರು ಮೊದಲು ಹಾಗೆ ವಾದಿಸಿದ್ದುಂಟು. ಆದರೆ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯಿದೆ ಈ ಕೆಲಸಕ್ಕೆ ಕಾನೂನಿನ ರಕ್ಷಣೆ ಕೊಟ್ಟಿದೆ, ಸೂಜಿಯನ್ನೂ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಔಷಧವನ್ನೂ ಸರ್ಕಾರದ ಕಾರ್ಯಕ್ರಮವೇ ಉಚಿತವಾಗಿ ಒದಗಿಸುತ್ತದೆ.

ಕೊರತೆ ಇರುವುದು ಬೇರೆ ಕಡೆ. ಹೆರಾಯಿನ್‌ಗೆ ಬದಲಾಗಿ ಕೊಡುವ ಬುಪ್ರೆನಾರ್ಫಿನ್ ಮಾತ್ರೆಯನ್ನು ಸಾಮಾನ್ಯವಾಗಿ ನರ್ಸ್ ಎದುರಿಗೇ ನಾಲಿಗೆಯಡಿ ಇಟ್ಟುಕೊಂಡು ಕರಗುವವರೆಗೆ ಕೂರಬೇಕು, ಅದಕ್ಕಾಗಿ ದಿನವೂ ಬರಬೇಕು. ಗುಡ್ಡದಾಚೆಯ ಹಳ್ಳಿಯಿಂದ ಬಾಡಿಗೆ ಸುಮೋದಲ್ಲಿ ಬರುವ ಕೂಲಿಯವರಿಗೆ ಆ ದಿನದ ಸಂಪಾದನೆಯಲ್ಲಿ ಹೆಚ್ಚಿನದು ಪ್ರಯಾಣಕ್ಕೇ ಹೋಗುತ್ತದೆ. ಎರಡು ದಿನ ತಪ್ಪಿದರೆ ಮೈನೋವು, ನಡುಕ ಶುರುವಾಗಿ ಮತ್ತೆ ಸೂಜಿಗೇ ಕೈ ಹೋಗುತ್ತದೆ. ಚುಚ್ಚಿಕೊಂಡಲ್ಲಿ ಕೀವುಗಟ್ಟಿದ ಗಾಯಕ್ಕೆ ಅಂಟಿದ ಹಳೆಯ ಬಟ್ಟೆಯನ್ನು ಉಪ್ಪುನೀರಿನಲ್ಲಿ ನೆನೆಸಿ ಬಿಡಿಸಿ ಹೊಸ ಪಟ್ಟಿ ಕಟ್ಟಲು ಅರ್ಧ ಗಂಟೆ ಬೇಕು, ಸಾಕಷ್ಟು ಗಾಜ್ ಬಟ್ಟೆಯೂ ಬೇಕು. ಗಂಡಸರ ಸಾಲಿನಲ್ಲಿ ನಿಲ್ಲಲು ಹಿಂಜರಿಯುವ ಹೆಂಗಸರಿಗೆ ಪ್ರತ್ಯೇಕ ಕೊಠಡಿ ಇನ್ನೂ ಆಗಿಲ್ಲ.

ತಮ್ಮ ದೇಣಿಗೆಯನ್ನು ಪ್ರಯಾಣವೆಚ್ಚ, ಗಾಯದ ಆರೈಕೆ ಮತ್ತು ಈ ಕೊಠಡಿಗೆ ಮಾತ್ರ ವಿನಿಯೋಗಿಸಲಾಗುವುದು. 500 ರೂಪಾಯಿಯಾದರೂ ಸರಿ, ಚೆಕ್ ಅಥವಾ ಯುಪಿಐ ಮೂಲಕ ಟ್ರಸ್ಟಿನ ಖಾತೆಗೆ ಸಲ್ಲಿಸಿ ರಸೀದಿ ಪಡೆಯಬೇಕಾಗಿ ವಿನಂತಿ. ಚಿಕಿತ್ಸೆ ಪಡೆಯುವವರ ಹೆಸರು, ಭಾವಚಿತ್ರಗಳನ್ನು ದಾನಿಗಳಿಗೂ ತೋರಿಸುವುದಿಲ್ಲ. ಲೆಕ್ಕಪತ್ರವನ್ನು ಮಾತ್ರ ಯಾರು ಕೇಳಿದರೂ ತೋರಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಟ್ರಸ್ಟಿಗಳು