ನಂಬರ್ ಪ್ಲೇಟಿನಲ್ಲಿ ಕನ್ನಡಕ್ಕೂ ಒಂದು ಸಾಲು ಕೊಡಿ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನನ್ನ ಕಾರಿಗೆ 500 ರೂಪಾಯಿ ದಂಡ ಬಿತ್ತು. ಕಾರಣ, ನಂಬರ್ ಪ್ಲೇಟ್ ಕನ್ನಡದಲ್ಲಿತ್ತು. ದಂಡ ಕಟ್ಟಿದ್ದೇನೆ, ರಸೀದಿ ನನ್ನ ಹತ್ತಿರ ಇದೆ. ಅದು ತಪ್ಪು ಅಂತ ವಾದ ಮಾಡಲು ಈ ಪತ್ರ ಬರೆಯುತ್ತಿಲ್ಲ. ಆವತ್ತು ರಸ್ತೆ ಬದಿಯಲ್ಲಿ ನಿಂತು ನಾನು ನೋಡಿದ್ದನ್ನು ನಾಲ್ಕು ಜನಕ್ಕೆ ಹೇಳಬೇಕು, ಸಾರಿಗೆ ಸಚಿವರ ಮುಂದೆ ಒಂದು ಬೇಡಿಕೆ ಇಡಬೇಕು. ಅದಕ್ಕೆ ಬರೆಯುತ್ತಿದ್ದೇನೆ.

ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. 31 ವರ್ಷದಿಂದ ಹೆಚ್ಚಾಗಿ ಒಂದನೇ, ಎರಡನೇ ತರಗತಿಯ ಮಕ್ಕಳಿಗೇ ಪಾಠ ಮಾಡಿದ್ದೇನೆ. ಮಕ್ಕಳ ಕೈ ಹಿಡಿದು ಸ್ಲೇಟಿನ ಮೇಲೆ ೧, ೨, ೩ ತಿದ್ದಿಸಿದ್ದೇನೆ. ನಮ್ಮ ತಂದೆ ಎಚ್‌ಎಂಟಿಯ ಕನ್ನಡ ಅಂಕಿಯ ವಾಚು ಕಟ್ಟುತ್ತಿದ್ದರು. ಚಿಕ್ಕವಳಿದ್ದಾಗ ಗಂಟೆ ನೋಡುವುದನ್ನು ಕಲಿತದ್ದೇ ಆ ವಾಚಿನಲ್ಲಿ. ಹಾಗಾಗಿ 2012ರಲ್ಲಿ ನಾವು ಮೊದಲ ಕಾರು ತಗೊಂಡಾಗ ನಂಬರ್ ಕನ್ನಡದಲ್ಲೇ ಇರಲಿ ಎಂದು ಆಸೆಪಟ್ಟವಳು ನಾನೇ. ಯಜಮಾನರು ಬೇಡ ಅನ್ನಲಿಲ್ಲ.

ರಾಜ್ಯೋತ್ಸವಕ್ಕೆ ಇನ್ನೂ ಒಂದು ವಾರ ಇತ್ತು. ಇಬ್ಬರೂ ಜೆ.ಸಿ. ರಸ್ತೆಗೆ ಹೋದೆವು. ಅಲ್ಲಿ ಒಂದು ಅಂಗಡಿಯವರು ಆಲ್ಬಮ್ ತೆಗೆದು ತೋರಿಸಿದರು. ಓರೆ ಅಕ್ಷರ, ಬಳ್ಳಿಯಂತೆ ಸುತ್ತಿಕೊಂಡ ಅಕ್ಷರ, 8055 ಅನ್ನು ಇಂಗ್ಲಿಷಿನ ‘ಬಾಸ್’ ಅಂತ ಓದಿಸುವ ಅಂಕಿ, ನಂಬರಿಗಿಂತ ದೊಡ್ಡದಾಗಿ ಮಗುವಿನ ಹೆಸರು. ಕನ್ನಡದ್ದು ಬೇಕು ಎಂದೆ. ‘ತುಂಬಾ ಜನ ಮಾಡಿಸ್ತಾರೆ ಮೇಡಂ, ಏನೂ ತೊಂದರೆ ಇಲ್ಲ’ ಎಂದರು. 650 ರೂಪಾಯಿ ಕೊಟ್ಟೆವು. ಬಿಳಿ ಪ್ಲೇಟು, ಉಬ್ಬಿದ ಕಪ್ಪು ಅಕ್ಷರ, ಅಡಿಗೆ ಸಣ್ಣದಾಗಿ ಹಳದಿ ಕೆಂಪು ಪಟ್ಟಿ. ನವೆಂಬರ್ 1ರ ಬೆಳಿಗ್ಗೆ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ ಶಾಲೆಗೆ ಹೋದೆ. ಧ್ವಜ ಹಾರಿಸಿದ ಮೇಲೆ ಮಕ್ಕಳೆಲ್ಲ ಕಾರಿನ ಸುತ್ತ ನಿಂತು ಗಟ್ಟಿಯಾಗಿ ನಂಬರ್ ಓದಿದರು. ಆ ಸಂತೋಷವನ್ನು ನಾನು ಇವತ್ತಿಗೂ ತಪ್ಪು ಅನ್ನುವುದಿಲ್ಲ.

ಆಮೇಲೆ ಹದಿಮೂರು ವರ್ಷ ಯಾರೂ ಏನೂ ಕೇಳಲಿಲ್ಲ. ಪ್ರತಿ ವರ್ಷ ಇನ್ಶೂರೆನ್ಸ್ ಕಟ್ಟಿದೆವು. ಪೊಲೀಸರು ಎರಡು ಸಲ ಕಾರು ನಿಲ್ಲಿಸಿ ಕಾಗದಪತ್ರ ನೋಡಿ ಕಳಿಸಿದರು. ಒಬ್ಬರಂತೂ ‘ಚೆನ್ನಾಗಿದೆ ಮೇಡಂ’ ಅಂತ ಪ್ಲೇಟನ್ನು ಹೊಗಳಿದ್ದರು. ಹೊಗೆ ತಪಾಸಣೆ ಮಾಡುವ ಹುಡುಗ ಮಾತ್ರ ಪ್ರತಿ ಸಲ ಆರ್‌ಸಿ ಕೇಳುತ್ತಿದ್ದ. ಅದನ್ನು ನೋಡಿಕೊಂಡು ನಂಬರ್ ಟೈಪ್ ಮಾಡುತ್ತಿದ್ದ. ಯಾಕೆ ಅಂತ ನಾನು ಒಂದು ಸಲವೂ ಯೋಚಿಸಲಿಲ್ಲ.

ಕಳೆದ ತಿಂಗಳು ಒಂದು ಬೆಳಿಗ್ಗೆ, ಮಾಗಡಿ ರಸ್ತೆಯ ಒಂದು ಸಿಗ್ನಲ್ ದಾಟಿದ ಕೂಡಲೇ ಎಎಸ್‌ಐ ಒಬ್ಬರು ಕೈ ಅಡ್ಡ ಹಿಡಿದರು. ನನ್ನ ಮಗನ ವಯಸ್ಸು ಇರಬಹುದು. ಮಾತು ಹಾಸನದ ಕಡೆಯದು. ‘ಮೇಡಂ, ಈ ಪ್ಲೇಟ್ ಹಾಕೋ ಹಾಗಿಲ್ಲ’ ಎಂದರು. ನನಗೆ ಸಿಟ್ಟು ಬಂತು. ‘ಕರ್ನಾಟಕದಲ್ಲಿ ಕನ್ನಡ ಬರೆದಿದ್ದಕ್ಕೆ ದಂಡವಾ ಸರ್?’ ಎಂದು ಕೇಳಿಯೇ ಬಿಟ್ಟೆ. ಅವರು ಮಾತು ಬೆಳೆಸಲಿಲ್ಲ. ಪ್ಲೇಟ್ ನೋಡಿಕೊಂಡು ಕೈಯಲ್ಲಿದ್ದ ಯಂತ್ರದಲ್ಲಿ ನಂಬರ್ ಒತ್ತಿದರು. ಹುಬ್ಬು ಗಂಟಿಕ್ಕಿತು. ‘ಮೇಡಂ, ಗಾಡಿ ನಿಮ್ಮದೇನಾ? ಇಲ್ಲಿ ಬೇರೆ ಹೆಸರು ಬರ್ತಿದೆ’ ಎಂದರು.

ಯಂತ್ರವನ್ನು ನನಗೂ ತೋರಿಸಿದರು. ಯಾರದೋ ಹೆಸರು, ಬೇರೆ ಕಂಪನಿಯ ಕಾರು. ನನ್ನ ಕೊನೆಯ ನಾಲ್ಕು ಅಂಕಿ ೬೩೯೧. ಅವರು ಒತ್ತಿದ್ದು 9361. ಆರನ್ನು ಒಂಬತ್ತು ಅಂತ, ಒಂಬತ್ತನ್ನು ಆರು ಅಂತ ಓದಿಕೊಂಡಿದ್ದರು. ಅವರೇನು ಹೊರಗಿನವರಲ್ಲ. ಕನ್ನಡ ಶಾಲೆಯಲ್ಲೇ ಓದಿದ್ದು ಅಂತ ಆಮೇಲೆ ಹೇಳಿದರು. ‘ಕನ್ನಡ ಅಂಕಿ ಓದದೆ ಎಷ್ಟೋ ವರ್ಷ ಆಯ್ತು ಮೇಡಂ’ ಎಂದರು, ಸಂಕೋಚದಿಂದ. ನನ್ನ ಸಿಟ್ಟು ಅಲ್ಲೇ ಇಳಿದುಹೋಯಿತು.

ಅವರು ಇನ್ನೊಂದು ಮಾತು ಕೇಳಿದರು. ‘ನಿಮಗೇ ಯಾರಾದ್ರೂ ಗುದ್ದಿ ಓಡಿಹೋದ್ರು ಅಂದ್ಕೊಳ್ಳಿ. ನೋಡಿದವನು ಅಸ್ಸಾಮಿನ ಸೆಕ್ಯುರಿಟಿ ಹುಡುಗ. ಅವನು ನಮಗೆ ಯಾವ ನಂಬರ್ ಹೇಳ್ತಾನೆ?’ ನನಗೆ ಉತ್ತರ ಸಿಗಲಿಲ್ಲ.

೩, ೬, ೯ ಮೂರೂ ಒಂದೇ ಮನೆಯ ಅಕ್ಕತಂಗಿಯರ ಹಾಗೆ ಇವೆ. ಮಕ್ಕಳು ಇಡೀ ವರ್ಷ ತಪ್ಪು ಮಾಡುವುದು ಇಲ್ಲೇ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ೧ ಅನ್ನು ಸ್ವಲ್ಪ ದೂರದಿಂದ ನೋಡಿದರೆ ಸೊನ್ನೆ. ಓಡುವ ಕಾರಿನ ಮೇಲೆ, ಮಳೆಯಲ್ಲಿ, ರಾತ್ರಿ ಹೊತ್ತು ಯಾರು ಓದಬಲ್ಲರು? ಈಗ ಓದುವುದು ಮನುಷ್ಯರ ಕಣ್ಣು ಮಾತ್ರವೂ ಅಲ್ಲ. 2022ರ ಡಿಸೆಂಬರ್‌ನಿಂದ ಬೆಂಗಳೂರಿನ 50 ಜಂಕ್ಷನ್‌ಗಳಲ್ಲಿ ನಂಬರ್ ಓದುವ ಕ್ಯಾಮೆರಾಗಳು ಬಂದಿವೆ. ನನ್ನ ಪ್ಲೇಟ್ ತಪ್ಪಾಗಿ ಓದಿಕೊಂಡರೆ ನೋಟಿಸ್ ಹೋಗುವುದು ಏನೂ ಅರಿಯದ ಇನ್ನೊಬ್ಬರ ಮನೆಗೆ. ಆ ಯಂತ್ರದಲ್ಲಿ ಕಂಡ ಹೆಸರಿನವರು ಯಾರೋ ಏನೋ, ಹದಿಮೂರು ವರ್ಷದಲ್ಲಿ ನನ್ನಿಂದ ಅವರಿಗೆ ಏನಾದರೂ ತೊಂದರೆ ಆಗಿತ್ತಾ ಅಂತ ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಮಗನ ಕೈಲಿ ನಿಯಮ ಹುಡುಕಿಸಿ ಓದಿದೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989. ಅದರ 50ನೇ ನಿಯಮದ ಪ್ರಕಾರ ಅಕ್ಷರಗಳು ಇಂಗ್ಲಿಷಿನಲ್ಲಿ ಇರಬೇಕು, ಅಂಕಿಗಳು 1, 2, 3 ಇರಬೇಕು. 51ನೇ ನಿಯಮದಲ್ಲಿ ಅಳತೆ ಇದೆ. ಕಾರಿಗಾದರೆ ಅಕ್ಷರದ ಎತ್ತರ 65 ಮಿಲಿಮೀಟರ್, ದಪ್ಪ 10, ನಡುವೆ ಜಾಗ 10. ಇಷ್ಟು ಸರಳವಾದ ವಿಷಯ ನನಗೆ 1989ರ ನಿಯಮದಿಂದ ತಿಳಿಯಲಿಲ್ಲ, ದಂಡದಿಂದ ತಿಳಿಯಿತು. ಇದು ನನ್ನ ಮೊದಲ ದೂರು. ಜೆ.ಸಿ. ರಸ್ತೆಯಲ್ಲಿ, ಶಿವಾಜಿನಗರದಲ್ಲಿ ಇಂಥ ಪ್ಲೇಟುಗಳನ್ನು ಗೋಡೆ ತುಂಬಾ ನೇತುಹಾಕಿ ಹಗಲಲ್ಲೇ ಮಾರುತ್ತಾರೆ. ಮಾರುವವರನ್ನು ಯಾರೂ ಕೇಳುವುದಿಲ್ಲ, ಕೊಂಡವರನ್ನು ರಸ್ತೆಯಲ್ಲಿ ಹಿಡಿಯುತ್ತಾರೆ. ಪ್ರತಿ ಅಂಗಡಿಯ ಗೋಡೆಗೆ ಈ ಎರಡು ನಿಯಮಗಳನ್ನು ಕನ್ನಡದಲ್ಲಿ ಬರೆದು ಅಂಟಿಸಲಿ. 2012ರಲ್ಲಿ ಅಂಥ ಒಂದು ಹಾಳೆ ಕಣ್ಣಿಗೆ ಬಿದ್ದಿದ್ದರೆ ನಾನು ಆ ಪ್ಲೇಟ್ ಮಾಡಿಸುತ್ತಲೇ ಇರಲಿಲ್ಲ.

ಎರಡನೇ ದೂರು ಆ ಸಿಗ್ನಲ್ಲಿನಲ್ಲೇ ಹುಟ್ಟಿದ್ದು. ನಾನು ರಸೀದಿಗೆ ಕಾಯುತ್ತಾ ನಿಂತಿದ್ದಾಗ ಪಕ್ಕದಲ್ಲೇ ಒಂದು ಬೈಕ್ ಹೋಯಿತು. ಹಿಂದಿನ ಪ್ಲೇಟನ್ನು ಮೇಲಕ್ಕೆ ಮಡಚಿದ್ದ, ಒಂದು ಅಂಕಿಯೂ ಕಾಣುತ್ತಿರಲಿಲ್ಲ. ಸಿಕ್ಕಿಬಿದ್ದರೆ ಅವನಿಗೂ ಅದೇ 500 ಅಂತ ಎಎಸ್‌ಐ ಹೇಳಿದರು. ಪ್ರೀತಿಯಿಂದ ಕನ್ನಡದಲ್ಲಿ ಬರೆಸಿದವಳೂ, ತಪ್ಪಿಸಿಕೊಳ್ಳಲೆಂದೇ ನಂಬರ್ ಮುಚ್ಚಿದವನೂ ಒಂದೇನಾ? ನನಗೆ ಕಡಿಮೆ ಮಾಡಿ ಅನ್ನುತ್ತಿಲ್ಲ. ಬೇಕೆಂದೇ ನಂಬರ್ ಮರೆಮಾಡುವವರಿಗೆ ಜಾಸ್ತಿ ಮಾಡಿ ಅನ್ನುತ್ತಿದ್ದೇನೆ.

ಎಚ್‌ಎಸ್‌ಆರ್‌ಪಿ, ಅಂದರೆ ಹೆಚ್ಚು ಭದ್ರತೆಯ ಹೊಸ ಬಗೆಯ ನಂಬರ್ ಪ್ಲೇಟ್, ಹಾಕಿಸದೇ ಇದ್ದದ್ದು ನನ್ನದೇ ತಪ್ಪು, ಅದನ್ನು ಒಪ್ಪುತ್ತೇನೆ. 2019ರ ಏಪ್ರಿಲ್ 1ಕ್ಕಿಂತ ಮುಂಚಿನ ಗಾಡಿಗಳಿಗೆ ಅದು ಕಡ್ಡಾಯ ಅಂತ 2023ರಲ್ಲೇ ನಮ್ಮ ರಾಜ್ಯದಲ್ಲಿ ಆದೇಶ ಬಂತು. ಮೊದಲ ಗಡುವು ಆ ವರ್ಷದ ನವೆಂಬರ್ 17. ಮತ್ತೆ ಮತ್ತೆ ಮುಂದಕ್ಕೆ ಹೋಯಿತು, ನಾನೂ ಮುಂದಕ್ಕೆ ಹಾಕಿದೆ. ನಿಜ ಹೇಳಬೇಕೆಂದರೆ ಹಳೆಯ ಪ್ಲೇಟ್ ಬಿಚ್ಚಲು ಮನಸ್ಸು ಬರಲಿಲ್ಲ. ದಂಡ ಬಿದ್ದ ದಿನವೇ ಆನ್‌ಲೈನ್‌ನಲ್ಲಿ ಬುಕ್ ಮಾಡಿದೆ, ಈಗ ಹಾಕಿಸಿದ್ದೇನೆ. ಮೂಲೆಯಲ್ಲಿ ಅಶೋಕ ಚಕ್ರದ ಹೊಳೆಯುವ ಮುದ್ರೆ, ಅದರ ಕೆಳಗೆ ನೀಲಿಯಲ್ಲಿ ‘ಐಎನ್‌ಡಿ’, ಲೇಸರ್‌ನಲ್ಲಿ ಕೊರೆದ ಸಂಖ್ಯೆ, ಒಂದು ಸಲ ಕೂರಿಸಿದರೆ ಮುರಿಯದೆ ತೆಗೆಯಲಾಗದ ಲಾಕ್. ಕಳ್ಳತನದ ಗಾಡಿಗೆ ಇನ್ನೊಬ್ಬರ ನಂಬರ್ ಹಾಕುವುದನ್ನು ತಡೆಯಲು ಇದೆಲ್ಲ ಬೇಕು. ಒಳ್ಳೆಯ ಕೆಲಸ. ಆದರೆ ಇಷ್ಟೆಲ್ಲ ಕೂರಿಸಿದ ಆ ಪ್ಲೇಟಿನಲ್ಲಿ ಒಂದೇ ಒಂದು ಕನ್ನಡ ಅಕ್ಷರಕ್ಕೆ ಜಾಗ ಇಲ್ಲ. ಬಿಚ್ಚಿದ ಹಳೆಯ ಪ್ಲೇಟನ್ನು ಒರೆಸಿ ಬೀರುವಿನ ಮೇಲೆ ಇಟ್ಟಾಗ ಕಣ್ಣಲ್ಲಿ ನೀರು ಬಂತು.

ನನ್ನ ತಮ್ಮ ರಿಯಾದ್‌ನಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದ್ದಾನೆ. ಈ ವಿಷಯ ಹೇಳಿದಾಗ ಅಲ್ಲಿನ ತನ್ನ ಕಾರಿನ ಫೋಟೊ ಕಳಿಸಿದ. ಒಂದೇ ಪ್ಲೇಟ್. ಮೇಲಿನ ಸಾಲಿನಲ್ಲಿ ಅವರ ಅರಬ್ಬಿ ಅಕ್ಷರ, ಅರಬ್ಬಿ ಅಂಕಿ. ಕೆಳಗಿನ ಸಾಲಿನಲ್ಲಿ ಅದೇ ನಂಬರ್ ಇಂಗ್ಲಿಷ್ ಅಕ್ಷರದಲ್ಲಿ, 1, 2, 3ರಲ್ಲಿ. ಊರಿನವರೂ ಓದುತ್ತಾರೆ, ದುಡಿಯಲು ಬಂದವರೂ ಓದುತ್ತಾರೆ. ಫೋಟೊ ನೋಡಿ ನನಗೆ ಒಂದು ಬಾಗಿಲು ತೆರೆದ ಹಾಗಾಯಿತು. ನಮ್ಮ ಸರ್ಕಾರಿ ಬಸ್ಸುಗಳ ಮೇಲೂ ಕನ್ನಡ ಅಂಕಿಯಲ್ಲಿ ನಂಬರ್ ಬರೆದಿರುವುದನ್ನು ನೋಡಿದ್ದೇನೆ. ಅದರಿಂದ ಯಾವ ಪೊಲೀಸರಿಗೂ ತೊಂದರೆ ಆಗಿಲ್ಲ, ಅಲ್ವಾ? ಇಂಗ್ಲಿಷ್ ತೆಗೆಯಿರಿ ಅಂತ ನಾನು ಕೇಳುತ್ತಿಲ್ಲ. 1, 2, 3 ಕೂಡ ಇಲ್ಲಿಯದೇ. ನಮ್ಮ ಸಂವಿಧಾನದ 343ನೇ ವಿಧಿಯೇ ಅವನ್ನು ಭಾರತೀಯ ಅಂಕಿಗಳ ಅಂತರರಾಷ್ಟ್ರೀಯ ರೂಪ ಅಂತ ಕರೆಯುತ್ತದೆ. ಅವು ಇರಲಿ. ಜೊತೆಗೆ ನಮ್ಮವೂ ಇರಲಿ.

ಶಾಲೆಯ ಸ್ಕೇಲ್ ಹಿಡಿದು ಹೊಸ ಪ್ಲೇಟನ್ನು ಅಳೆದು ನೋಡಿದೆ. ಉದ್ದ 500 ಮಿಲಿಮೀಟರ್, ಎತ್ತರ 120. ಅಕ್ಷರಕ್ಕೆ 65 ಹೋದರೆ ಮೇಲೆ ಕೆಳಗೆ ಸೇರಿ ಉಳಿಯುವುದು 55. ಅದರಲ್ಲಿ ಇನ್ನೊಂದು ಸಾಲು ತುರುಕಿದರೆ ಎರಡೂ ಕೆಡುತ್ತವೆ. ಆದರೆ ಕೆಲವು ಕಾರುಗಳಿಗೆ 340 ಉದ್ದ, 200 ಎತ್ತರದ ಪ್ಲೇಟ್ ಈಗಲೇ ಇದೆ, ಅದರಲ್ಲಿ ನಂಬರ್ ಎರಡು ಸಾಲಾಗಿ ಬರುತ್ತದೆ. ಅಂದರೆ ಎತ್ತರದ ಪ್ಲೇಟ್ ನಮಗೆ ಹೊಸದಲ್ಲ. 500 ಉದ್ದದ ಪ್ಲೇಟಿನ ಎತ್ತರವನ್ನೂ ಅಷ್ಟಕ್ಕೆ ಏರಿಸಿದರೆ ಇಂಗ್ಲಿಷಿನ 65 ಮಿಲಿಮೀಟರಿಗೆ ಕೈ ಹಚ್ಚದೆ ಮೇಲೆ ಒಂದು ಸಣ್ಣ ಸಾಲು ಕನ್ನಡಕ್ಕೆ ಸಿಗುತ್ತದೆ. ಬೇಕು ಅನ್ನುವವರು ಹೆಚ್ಚಿನ ದುಡ್ಡು ಕೊಟ್ಟು ಹಾಕಿಸಿಕೊಳ್ಳಲಿ. ಕ್ಯಾಮೆರಾ ಕೆಳಗಿನ ಸಾಲು ಓದಿಕೊಳ್ಳಲಿ. ತಮಿಳುನಾಡಿನವರು ತಮಿಳು, ಮಹಾರಾಷ್ಟ್ರದವರು ಮರಾಠಿ ಹಾಕಿಕೊಳ್ಳಲಿ, ನಮಗೆ ಸಂತೋಷವೇ.

ಇದು ಕೇಂದ್ರದ ನಿಯಮ. ರಾಜ್ಯ ತಾನೇ ಬದಲಾಯಿಸಲು ಆಗುವುದಿಲ್ಲ ಅಂತ ಗೊತ್ತು. ಕೇಳಲು ಯಾರ ಅಡ್ಡಿಯೂ ಇಲ್ಲ. ನಮ್ಮ ಸಾರಿಗೆ ಸಚಿವರು 50ನೇ ನಿಯಮಕ್ಕೆ ಈ ಒಂದು ತಿದ್ದುಪಡಿ ಮಾಡಿ ಅಂತ ಕೇಂದ್ರಕ್ಕೆ ಬರೆಯಲಿ. ನಮ್ಮ ಸಂಸದರು ಸದನದಲ್ಲಿ ಎತ್ತಲಿ. ಪ್ರತಿ ನವೆಂಬರ್‌ನಲ್ಲಿ ಕನ್ನಡ ಉಳಿಸಿ ಅಂತ ಭಾಷಣ ಕೇಳುತ್ತೇವೆ. ದಿನಾ ಸಾವಿರಾರು ಕಣ್ಣು ಬೀಳುವ ಜಾಗದಲ್ಲಿ ಹತ್ತು ಅಂಕಿಗಳನ್ನು ಇಟ್ಟರೆ ಆ ಎಎಸ್‌ಐ ಅಂಥವರು ಅವನ್ನು ಮರೆಯುವುದಿಲ್ಲ. ನನ್ನ ಶಾಲೆಯಿಂದ ಹೊರಟ ಮಕ್ಕಳೂ ಮರೆಯುವುದಿಲ್ಲ.

ಹಾಗೆ ಮಾಡುವಾಗ ಒಂದು ವಿಷಯ ಮಾತ್ರ ಮರೆಯಬಾರದು. ಕನ್ನಡ ಅಂಕಿಗಳಿಗೂ ಒಂದೇ ಆಕಾರ, ಒಂದೇ ಅಳತೆ ಗೊತ್ತುಮಾಡಬೇಕು. ಅಂಗಡಿಯವರು ತಮಗೆ ಬಂದಂತೆ ಬಳುಕಿಸಿ ಬರೆಯುವ ಹಾಗೆ ಇರಬಾರದು. ಮುಖ್ಯವಾಗಿ ೬ ಮತ್ತು ೯. ಅವೆರಡರ ಬಾಲ ಎತ್ತ ತಿರುಗುತ್ತದೆ ಅನ್ನುವುದು ಹತ್ತು ಮಾರು ದೂರದಿಂದಲೇ ಕಾಣಬೇಕು. ಅಕ್ಷರ ಬಿಡಿಸುವವರು ಒಮ್ಮೆ ಒಂದನೇ ತರಗತಿಯ ಮಕ್ಕಳ ಮುಂದೆ ಆ ಪ್ಲೇಟ್ ಹಿಡಿದು ನೋಡಲಿ. ಎಲ್ಲಿ ತಡವರಿಸುತ್ತದೆ ಅಂತ ಮಕ್ಕಳೇ ತೋರಿಸುತ್ತಾರೆ.

ಇಂತಿ,
ಒಬ್ಬ ಶಿಕ್ಷಕಿ
ವಿಜಯನಗರ, ಬೆಂಗಳೂರು